ಮೂಗು ಸವೆದ ಬಿಲ್ಲೆ

ನಮ್ಮ ಕಡೆಯ ಮದುವೆಮನೆಗಳಲ್ಲಿ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಗೋಡೆಗೆ ಒರಗಿದೆನೆಂದರೆ ಯಾರಾದರೊಬ್ಬರು ನನ್ನ ಪಕ್ಕಕ್ಕೆ ಸರಿದು ಬರುವುದು ಖಂಡಿತ. ಬಂದವರು ಮೊದಲು ಬಿಸಿಲಿನ ಮಾತಾಡುತ್ತಾರೆ, ಆಮೇಲೆ ಅಡಿಕೆ ಧಾರಣೆಯ ಮಾತು. ಅದಾದ ಮೇಲೆ ಅತ್ತಿತ್ತ ನೋಡಿ ಸೆರಗಿನ ಗಂಟನ್ನೋ ಒಳಜೇಬಿನ ಪೊಟ್ಟಣವನ್ನೋ ಬಿಚ್ಚುತ್ತಾರೆ. ಒಳಗೆ ಮೆಂತ್ಯದ ಕಾಳಿನಷ್ಟೋ ಹುಣಸೆಬೀಜದಷ್ಟೋ ಇರುವ ಬಂಗಾರದ ತುಣುಕು. ಒಂದು ಗುಂಡು, ಒಂದು ತಾಯಿತ, ಇಲ್ಲವೆ ಬಾಲ ಮುರಿದ ಒಂದು ಮೀನು.

"ಇದು ಯಾವ ರಾಜರ ಕಾಲದ್ದು, ಒಂಚೂರು ನೋಡಿ ಹೇಳ್ರಿ ಮೇಷ್ಟ್ರೇ."

ಮೊನ್ನೆ ತ್ಯಾವಣಿಗೆಯ ಮದುವೆಯೊಂದರಲ್ಲೂ ಹೀಗೇ ಆಯಿತು. ನಡುವಯಸ್ಸಿನ ಹೆಂಗಸೊಬ್ಬಳು ಅಂಗೈಯಲ್ಲಿ ಪುಟ್ಟ ಗಿಳಿಯನ್ನು ಇಟ್ಟುಕೊಂಡು ಬಂದಳು. ತಿರುಗಿಸಿ ಮುರುಗಿಸಿ ನೋಡಿ, "ಗೊತ್ತಾಗಲಿಲ್ಲ ತಾಯಿ" ಎಂದೆ. ಆಕೆ ನನ್ನನ್ನು ಒಂದು ಸಲ ನೋಡಿ, "ಅಷ್ಟೊಂದು ಓದಿದ್ದು ಯಾತಕ್ಕೆ ಮತ್ತೆ?" ಎಂದು ಕೇಳಿ, ಗಿಳಿಯನ್ನು ಗಂಟು ಕಟ್ಟಿಕೊಂಡು ಹೋದಳು. ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ "ಗೊತ್ತಾಗಲಿಲ್ಲ" ಎಂಬ ಆ ಒಂದು ಮಾತನ್ನು ಕಲಿಯುವುದಕ್ಕೆ ನನಗೆ ಹತ್ತು ವರ್ಷ ಹಿಡಿದಿತ್ತು ಎನ್ನುವುದು ಪಾಪ ಅವಳಿಗೇನು ಗೊತ್ತು?

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಮುಗಿಸಿ ಚನ್ನಗಿರಿಗೆ ಮರಳಿದಾಗ ನಮ್ಮಪ್ಪ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಸಾರಿಬಿಟ್ಟಿದ್ದರು: "ನಮ್ ಹುಡುಗ ಹಳೇ ಸಾಮಾನು ನೋಡಿ ಅದರ ವಯಸ್ಸು ಹೇಳ್ತಾನೆ." ದನದ ಸಂತೆಯ ದಲ್ಲಾಳಿಗಳು ಎತ್ತಿನ ವಯಸ್ಸು ಹೇಳುವ ಹಾಗೆ. ಆದರೆ ದಲ್ಲಾಳಿ ಎತ್ತಿನ ಬಾಯನ್ನಾದರೂ ಬಿಡಿಸಿ ಹಲ್ಲು ನೋಡುತ್ತಾನೆ. ನಾನು ಓದಿದ್ದು ರಾಜ್ಯಗಳು ಎದ್ದು ಬಿದ್ದ ಕಥೆ, ಕಂದಾಯದ ಪದ್ಧತಿ, ಶಾಸನಗಳ ಲಿಪಿ. ಬಂಗಾರವನ್ನು ನೋಡಿದ್ದರೆ ವಸ್ತುಸಂಗ್ರಹಾಲಯದ ಗಾಜಿನ ಆಚೆಗೆ, ಕಾವಲುಗಾರನ ಕಣ್ಣಳತೆಯಲ್ಲಿ. ಹಾಗಿದ್ದರೂ ಒಂದು ಭೂತಗನ್ನಡಿ ಕೊಂಡೆ. ಹೊನ್ನಾಳಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಮೇಲಂತೂ ಅದು ಜುಬ್ಬದ ಜೇಬು ಬಿಟ್ಟು ಕದಲುತ್ತಿರಲಿಲ್ಲ.

ನನ್ನ ಪದ್ಧತಿ ಸರಳವಾಗಿತ್ತು. ಒಡವೆಯನ್ನು ನೋಡುವ ಮೊದಲು ಒಡೆಯನ ಮುಖ ನೋಡುತ್ತಿದ್ದೆ. ಬಡಪಾಯಿಯಾದರೆ ಟಿಪ್ಪುವಿನ ಕಾಲ. ಸ್ವಲ್ಪ ಮೀಸೆಯಿದ್ದರೆ ಪಾಳೆಯಗಾರರ ಕಾಲ. ಹೋಳಿಗೆಗೆ ಎರಡನೆಯ ಸಲ ತುಪ್ಪ ಕೇಳದೆಯೇ ಬಡಿಸಿದವರಿಗೆ ವಿಜಯನಗರ. ಒಡವೆ ತಂದವರು ಯಾರೂ "ಅಷ್ಟು ಹಳೇದಲ್ಲ ಬಿಡ್ರಿ" ಎಂದು ವಾದಿಸಿದ್ದಿಲ್ಲ. ನಿಮ್ಮ ತಾತ ಇದನ್ನು ದಾವಣಗೆರೆಯಲ್ಲಿ ಮಾಡಿಸಿದ್ದು ಎಂದು ಕೇಳಿಸಿಕೊಳ್ಳುವ ಆಸೆ ಯಾರಿಗಿರುತ್ತದೆ?

ನಲ್ಲೂರಿನ ಅಡಿಕೆ ಬೆಳೆಗಾರರೊಬ್ಬರು, ಗುರುಬಸಣ್ಣ ಎಂದುಕೊಳ್ಳಿ, ಒಮ್ಮೆ ಕೊಳವೆಯಂಥ ತಾಯಿತವೊಂದನ್ನು ತಂದರು. ಅದರೊಳಗೆ ಟಿಪ್ಪುವಿನ ದಂಡಿಗೆ ಹೆದರಿ ಓಡಿಬಂದ ಹಿರಿಯರು ಬರೆಸಿದ ತಾಳೆಗರಿಯಿದೆ, ಅದನ್ನು ಈವರೆಗೆ ಯಾರೂ ಬಿಚ್ಚಿಲ್ಲ ಎಂದರು. ನನ್ನ ವಿದ್ಯೆಗೆ ಹುರುಪು ಬಂತು. ಪಿನ್ನು ತೂರಿಸಿ ಮುಚ್ಚಳ ಎಬ್ಬಿಸಿಯೇಬಿಟ್ಟೆ. ಒಳಗಿನಿಂದ ಸುರುಳಿ ಸುತ್ತಿದ ಕಾಗದ ಬಂತು. ಬಿಡಿಸಿ ನೋಡಿದರೆ ಬೀಡಿ ಕಟ್ಟಿನ ಮೇಲಿನ ಚೀಟಿ. ಗುರುಬಸಣ್ಣ ಅದನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಸಮಾಧಾನದಿಂದ, "ಹಂಗಾದ್ರೆ ಟಿಪ್ಪು ಕಾಲದಾಗೂ ಈ ಬೀಡಿ ಇತ್ತು ಅನ್ರಿ!" ಎಂದರು. ಚರಿತ್ರೆಯ ಬಗ್ಗೆ ಅಂಥ ನಂಬಿಕೆ ನನ್ನ ಪ್ರಾಧ್ಯಾಪಕರಲ್ಲೂ ನಾನು ಕಂಡಿರಲಿಲ್ಲ.

ಇನ್ನೊಮ್ಮೆ ಗೆಳೆಯರೊಬ್ಬರ ಜೊತೆ ಸೂರಗೊಂಡನಕೊಪ್ಪಕ್ಕೆ ಹೋಗಿದ್ದಾಗ, ಮರದ ನೆರಳಿನಲ್ಲಿ ಕುಳಿತಿದ್ದ ಲಂಬಾಣಿ ಅಜ್ಜಿಯೊಬ್ಬಳ ಮೂಗಿನ ಬಂಗಾರ ನೋಡಿ, ಎಷ್ಟು ಹಳೆಯದು ಎಂದು ಕೇಳಿದೆ. ಅವಳು ಬೆರಳು ಮಡಿಸಿದಳು. "ನಮ್ಮತ್ತಿ ಅತ್ತಿ ಹಾಕ್ಕೊಂಡಿದ್ಲು. ಆಮ್ಯಾಲೆ ನಮ್ಮತ್ತಿ. ಈಗ ನಾನು. ಮೂರು ಮೂಗು ಆತು ನೋಡು." ಮೂರು ಮೂಗು! ನನ್ನ ಟಿಪ್ಪು ವಿಜಯನಗರಗಳಿಗಿಂತ ಎಷ್ಟೋ ನಂಬಬಹುದಾದ ಅಳತೆ. ಆದರೂ ನಾನು ನನ್ನ ಪುಸ್ತಕದಲ್ಲಿ "ಸುಮಾರು ಹದಿನೆಂಟನೆಯ ಶತಮಾನ" ಎಂದೇ ಬರೆದುಕೊಂಡೆ.

ಊರಿನವರ ಮನೆಗಳಲ್ಲೆಲ್ಲ ಇಷ್ಟು ಪಾಂಡಿತ್ಯ ಸುರಿದವನು ಸ್ವಂತ ಮನೆಯನ್ನು ಬಿಡುತ್ತೇನೆಯೇ? ನಮ್ಮಲ್ಲೂ ಒಂದು ಇತ್ತು. ಅಜ್ಜಿಯ, ಎಂದರೆ ಅವ್ವನ ತಾಯಿಯ ಕೊರಳಲ್ಲಿ, ತಾಳಿಯ ಕೆಳಗೆ, ಬೇರೆಯದೇ ಕರಿದಾರದಲ್ಲಿ ತೂಗುತ್ತಿದ್ದ ಬಿಲ್ಲೆ. ಹುಣಸೆಬೀಜದ ಗಾತ್ರ. ಬಂಗಾರದ ತೆಳು ತಗಡು, ಒಳಗೆ ಅರಗು ತುಂಬಿದ್ದು, ಮೇಲೆ ಉಬ್ಬಿದ ಒಂದು ಹೆಣ್ಣಿನ ಮುಖ. ಅದರ ಮೂಗು ಪೂರಾ ಸವೆದಿತ್ತು. ಕಣ್ಣುಗಳು ಎರಡು ಮಸುಕು ತಗ್ಗುಗಳಾಗಿದ್ದವು. ತುರುಬು ಮಾತ್ರ ಸ್ಪಷ್ಟ. ಏನಜ್ಜಿ ಇದು ಎಂದು ಕೇಳಿದರೆ, "ದೇವರು. ಮುಟ್ಟಬ್ಯಾಡ" ಎನ್ನುತ್ತಿದ್ದಳು.

ಅಜ್ಜಿ ನ್ಯಾಮತಿಯವಳು. ತಾತ ಅಲ್ಲಿ ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಜ್ಜಿ ಚನ್ನಗಿರಿಗೆ ನಮ್ಮ ಮನೆಗೇ ಬಂದಿದ್ದಳು. ತಾಳಿ ತೆಗೆದರೂ ಬಿಲ್ಲೆಯನ್ನು ತೆಗೆದಿರಲಿಲ್ಲ. ಬೆಳಗ್ಗೆ ಮುಖ ತೊಳೆದು ವಿಭೂತಿ ಇಟ್ಟುಕೊಂಡ ಮೇಲೆ, ತನಗೆ ಬೇಡವಾಗಿದ್ದ ಕುಂಕುಮದ ಬಟ್ಟಲನ್ನು ಎಳೆದುಕೊಂಡು, ಬಿಲ್ಲೆಯನ್ನು ಸೆರಗಿನಿಂದ ಒರೆಸಿ, ಉಂಗುರದ ಬೆರಳಿನಿಂದ ಅದಕ್ಕೊಂದು ಚುಕ್ಕೆ ಇಡುತ್ತಿದ್ದಳು. ಇಡುವಾಗ ಮೆಲ್ಲಗೆ "ಅಕ್ಕಾ" ಎನ್ನುತ್ತಿದ್ದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅವಳು "ಅಕ್ಕಾ" ಎಂದದ್ದನ್ನು ನಾನು ನಿಜವಾಗಿಯೂ ಕೇಳಿದ್ದೆನೆ? ಅಥವಾ ಮುಂದೆ ತಿಳಿದುಬಂದ ಸಂಗತಿಯನ್ನು ಹಿಂದಕ್ಕೆ ಕೊಂಡೊಯ್ದು ಅಜ್ಜಿಯ ಬಾಯಿಗೆ ಇಟ್ಟಿದ್ದೇನೆಯೆ? ಸಾಕ್ಷಿಗಳ ಮಾತನ್ನು ಒರೆಗೆ ಹಚ್ಚಬೇಕೆಂದು ನನಗೆ ಕಲಿಸಿದ್ದಾರೆ. ನನ್ನ ನೆನಪನ್ನು ಒರೆಗೆ ಹಚ್ಚಿದಾಗಲೆಲ್ಲ ಗೆರೆ ಹಿತ್ತಾಳೆಯ ಹಾಗೆ ಕಾಣುತ್ತದೆ. ತುಟಿ ಅಲುಗುತ್ತಿದ್ದದ್ದು ನಿಜ. ಅಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ.

ಅಜ್ಜಿ ಹೋದ ಮೇಲೆ ಬಿಲ್ಲೆ ಅವ್ವನ ಕಬ್ಬಿಣದ ಪೆಟ್ಟಿಗೆ ಸೇರಿತು. ನಾನು ಅದನ್ನು ಇಸಿದುಕೊಂಡು ಭೂತಗನ್ನಡಿ ಹಿಡಿದು ಕುಳಿತೆ. ಆ ತುರುಬು ಸಂತೆಬೆನ್ನೂರಿನ ಹೊಂಡದ ಬಳಿ ಎಲ್ಲೋ ಕಂಡ ಶಿಲ್ಪದ ತುರುಬಿನಂತಿದೆ ಎನ್ನಿಸಿತು. ಎಲ್ಲೋ ಎಂದೆನಲ್ಲ, ಎಲ್ಲಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. "ಪಾಳೆಯಗಾರರ ಕಾಲದ್ದು ಅವ್ವಾ, ಮೂರುನೂರು ವರ್ಷದ್ದು. ಯಾವುದೋ ರಾಣಿಯ ಮುಖ" ಎಂದೆ. ಅವ್ವ ಕ್ಷಣ ಹೊತ್ತು ನನ್ನನ್ನೇ ನೋಡಿ, "ಹೂಂ, ಹಂಗೇ ಇರಬೋದು. ನೀನು ಓದಿದೋನು" ಎಂದಳು. ಜೀವಮಾನದಲ್ಲಿ ನನ್ನ ಯಾವ ಮಾತನ್ನೂ ಒಂದೇ ಏಟಿಗೆ ಒಪ್ಪದ ಅವ್ವ ಅಂದು ಒಪ್ಪಿಬಿಟ್ಟಳು. ನನಗೆ ಅನುಮಾನ ಬರಬೇಕಿತ್ತು. ನಾನು ಹಿಗ್ಗಿದೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ, ಬಿಲ್ಲೆಯ ಚಿತ್ರ ಸಮೇತ, ನಾಲ್ಕು ಪುಟದ ಲೇಖನ ಬರೆದೆ.

ಅದಾಗಿ ಮೂರು ನಾಲ್ಕು ವರ್ಷಕ್ಕೆ, ಪೆಟ್ಟಿಗೆಯಲ್ಲಿ ಇದ್ದಲ್ಲೇ ಬಿಲ್ಲೆಯ ಕೊಂಡಿ ಕಳಚಿತು. ಬೆಸುಗೆ ಹಾಕಿಸಲು ನನ್ನ ಕೈಗೆ ಕೊಡುತ್ತಾ ಅವ್ವ ತಾಕೀತು ಮಾಡಿದಳು: "ಹೊನ್ನಾಳಿಯಾಗೆ ಹೊಸ ಅಂಗಡಿಗಳು ಅವಲ್ಲ, ಅಲ್ಲೇ ಹಾಕ್ಸು. ನ್ಯಾಮತಿಗೆ ಮಾತ್ರ ಹೋಗಬ್ಯಾಡ."

"ಯಾಕವ್ವ? ನ್ಯಾಮತಿ ಆಚಾರ್ರ ಕೈಕೆಲಸ ಚೆನ್ನಾಗೈತೆ ಅಂತಾರಲ್ಲ."

"ಬ್ಯಾಡ ಅಂದ್ನಲ್ಲ, ಬಿಡು."

ಬೇಡ ಎಂದದ್ದನ್ನು ಬಿಡುವ ಸ್ವಭಾವವಿದ್ದಿದ್ದರೆ ನಾನು ಚರಿತ್ರೆಯನ್ನು ಯಾಕೆ ಓದುತ್ತಿದ್ದೆ? ಮುಂದಿನ ಭಾನುವಾರವೇ ಬಿಲ್ಲೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ನ್ಯಾಮತಿಯ ಬಸ್ಸು ಹತ್ತಿದೆ.

ಮೌನೇಶಾಚಾರ್ರು ಪೇಟೆಯ ಹಿಂದಿನ ಓಣಿಯ ತಮ್ಮ ಮನೆಯ ಪಡಸಾಲೆಯಲ್ಲೇ ಕೆಲಸಕ್ಕೆ ಕೂರುತ್ತಿದ್ದ ಅಕ್ಕಸಾಲಿ. ವಯಸ್ಸು ಎಪ್ಪತ್ತರ ಹತ್ತಿರ. ಕನ್ನಡಕಕ್ಕೆ ಒಂದು ಕಡೆ ಕಡ್ಡಿ, ಇನ್ನೊಂದು ಕಡೆ ದಾರ. ಯಾರ ಪೈಕಿ ಎಂದು ಕೇಳಿ, ಕಾಳು ವ್ಯಾಪಾರದ ಚನ್ನಬಸಪ್ಪನವರ ಮೊಮ್ಮಗ ಎಂದು ತಿಳಿದುಕೊಂಡು, "ಕುಂತ್ಕಳ್ರಿ" ಎಂದು ಚಾಪೆ ತೋರಿಸಿದರು. ನಾನು ಕುಳಿತು ಬಿಲ್ಲೆಯನ್ನು ಅವರ ಮುಂದಿಟ್ಟು ಪಾಠ ಶುರು ಮಾಡಿದೆ. ಪಾಳೆಯಗಾರರ ಕಾಲ, ತುರುಬಿನ ಶೈಲಿ, ರಾಣಿವಾಸ. ಅವರು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಕೇಳಿ, "ಮುಗೀತಾ ಸ್ವಾಮಿ?" ಎಂದು ವಿನಯದಿಂದ ವಿಚಾರಿಸಿ, ಒಳಗೆ ಹೋಗಿ ತಗಡಿನ ಡಬ್ಬಿಯೊಂದನ್ನು ತಂದರು. ಅದರಿಂದ ಅಂಗೈಯಗಲದ ಕಂಚಿನ ತುಂಡು ತೆಗೆದರು. ಅದರ ಮೈತುಂಬ ಸಣ್ಣ ಸಣ್ಣ ತಗ್ಗುಗಳು: ಹೂವು, ಮಾವಿನಕಾಯಿ, ನಾಗರ ಹೆಡೆ. ಮೂಲೆಯಲ್ಲೊಂದು ಮುಖ. ನಮ್ಮ ಬಿಲ್ಲೆಯನ್ನು ಬೋರಲು ಹಾಕಿ ಆ ತಗ್ಗಿಗೆ ಇಟ್ಟು ಬೆರಳಿನಿಂದ ಒತ್ತಿದರು. ಅಳತೆ ತೆಗೆದು ಮಾಡಿದ ಹಾಗೆ ಕೂತುಕೊಂಡಿತು.

"ಇದನ್ನ ಮಾಡಿದ್ದು ಯಾವ ಪಾಳೇಗಾರನೂ ಅಲ್ಲ ಸ್ವಾಮಿ. ನಮ್ಮಪ್ಪ."

ನನ್ನ ಮೂರುನೂರು ವರ್ಷಗಳು ಆ ಚಾಪೆಯ ಮೇಲೆ ಐವತ್ತಕ್ಕೆ ಇಳಿದವು.

"ಈ ಅಚ್ಚು ಕೆತ್ತುವಾಗ ನನಗೆ ಮೀಸೆ ಚಿಗುರ್ತಿತ್ತು. ಪಕ್ಕದಾಗೆ ಕುಂತು ನಾನೇ ಊದುಗೊಳವೆ ಊದ್ತಿದ್ದೆ. ಇದು ಅಕ್ಕನ ಬಿಲ್ಲೆ ಕಣ್ರೀ. ಬಾಯಿ ಒರಟಾದೋರು ಸವತಿ ಬಿಲ್ಲೆ ಅಂತಾರೆ. ಮೊದಲ್ನೇ ಹೆಂಡ್ತಿ ತೀರ್ಕಂಡು ಗಂಡ ಇನ್ನೊಂದು ಮದುವೆ ಆದ್ರೆ, ಬಂದಾಕೆಗೆ ಇದನ್ನ ಕಟ್ಟೋರು. ಸತ್ತಾಕೆಗೆ ಮೊದಲ ಮರ್ಯಾದೆ ಸಲ್ಲಲಿ, ಬಂದಾಕೆ ಮ್ಯಾಲೆ ಆಕೆ ಸಿಟ್ಟು ಬೀಳದಿರಲಿ ಅಂತ. ನಿಮ್ಮಜ್ಜಿ ಎರಡನೇ ಸಂಬಂಧ ಅಲ್ವಾ?"

ಹೌದು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಎತ್ತದಿದ್ದ ಮಾತು. ತಾತನ ಮೊದಲ ಹೆಂಡತಿ ಹದಿನೆಂಟಕ್ಕೇ ತೀರಿಕೊಂಡಿದ್ದಳು. ಆಕೆ ಬಿಟ್ಟುಹೋದ ಎಳೆಗೂಸೇ ಜಗಳೂರಿನಲ್ಲಿರುವ ನಮ್ಮ ದೊಡ್ಡವ್ವ, ಹಾಲಮ್ಮ. ಅಜ್ಜಿ ಮದುವೆಯಾಗಿ ಬಂದ ದಿನವೇ ಆ ಕೂಸನ್ನು ಮಡಿಲಿಗೆ ಹಾಕಿದರಂತೆ. ಎರಡು ವರ್ಷಕ್ಕೆ ನಮ್ಮವ್ವ ಹುಟ್ಟಿದಳು.

"ಹಾಗಾದರೆ ಇದು ಆಕೆಯ ಮುಖವೇ ಆಚಾರ್ರೇ?"

ಅವರು ನಕ್ಕರು. "ಆಕೆ ಮುಖ ನಮ್ಮಪ್ಪ ಎಲ್ಲಿ ನೋಡಿದ್ದ? ಯಾರ ಮನ್ಯಾಗೆ ಮೊದಲ್ನೇಳು ಹೋದ್ರೂ ಇದೇ ಮುಖ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆಗೆಲ್ಲ ಎಷ್ಟೋ ಹೊಡೆದು ಕೊಟ್ಟೀವಿ. ಎಲ್ಲಾರಿಗೂ ಒಂದೇ ಅಚ್ಚು." ಆಮೇಲೆ ಬಿಲ್ಲೆಯನ್ನು ಬೆಳಕಿಗೆ ಹಿಡಿದು, ದನಿ ತಗ್ಗಿಸಿ ಹೇಳಿದರು: "ಆದ್ರೆ ಒಂದು ಮಾತು. ಹೆದರಿಕೆಗೆ ಕಟ್ಟಿಕೊಂಡೋರು ಅಮಾಸೆ ಹುಣ್ಣಿಮೆಗೆ ಕುಂಕುಮ ಇಡ್ತಾರೆ. ಅಂಥಾವು ಸವೆಯಲ್ಲ. ಇದರ ಮೂಗು ಹೋಗಿರೋದು ಬೆರಳಿಗೆ. ದಿನಾ ಒರೆಸಿ, ದಿನಾ ಇಟ್ಟಾಳೆ ಪುಣ್ಯಾತ್ಗಿತ್ತಿ. ಒಂದು ದಿನಾನೂ ತಪ್ಸಿಲ್ಲ."

ಬೆಸುಗೆ ಹಾಕಿ ಕೊಟ್ಟರು. ನಾನು ಚನ್ನಗಿರಿಗೆ ಹೋಗಿ ಬೆಂಕಿಪೊಟ್ಟಣವನ್ನು ಅವ್ವನ ಮುಂದಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ನ್ಯಾಮತಿಗೆ ಹೋಗಿದ್ದೆ."

"ಗೊತ್ತಾತು ಬಿಡು, ನಿನ್ ಮುಖ ನೋಡಿದ್ರೆ."

"ನಿನಗೆ ಮೊದಲೇ ಗೊತ್ತಿತ್ತು."

ಅವ್ವ ಮೊರವನ್ನು ಕೆಳಗಿಟ್ಟಳು. "ಸಾಯೋದಕ್ಕೆ ಎಂಟು ದಿನ ಮುಂಚೆ ನಮ್ಮವ್ವ ಹೇಳಿದ್ಲು. 'ಪಾರಿ, ಇದು ದೇವರಲ್ಲ, ನಿಮ್ಮಕ್ಕ ಹಾಲಿಯ ಹೆತ್ತಾಕೆ, ಹಾಲಿಗೆ ಸೇರಬೇಕಾದ್ದು, ಕೊಟ್ಟುಬಿಡು' ಅಂದ್ಲು."

"ಮತ್ತೆ ಯಾಕೆ ಕೊಡಲಿಲ್ಲ?"

"ಹೆಂಗೆ ಕೊಡಾಕಾಗುತ್ತೋ? ಅದು ನಮ್ಮವ್ವನ ಮೈಮ್ಯಾಲೆ ನಲವತ್ತೈವತ್ತು ವರ್ಷ ಇತ್ತು. ಅವಳ ಬೆವರು, ಅವಳ ಅರಿಶಿನ ಎಲ್ಲಾ ಅದರಾಗೈತೆ. ಅವಳ ಸೀರೆ ಹರಿದ್ವು, ಬಳೆ ಒಡೆದ್ವು. ಉಳಿದಿದ್ದು ಇದೊಂದೇ. ನೀನು ರಾಣಿ ಅಂದೆ, ಪಾಳೇಗಾರ ಅಂದೆ. ಹಂಗೇ ಇರ್ಲಿ ಅಂದ್ಕಂಡೆ. ರಾಣಿದಾದ್ರೆ ಅಕ್ಕಂಗೆ ಕೊಡೋ ಮಾತೇ ಇಲ್ಲವಲ್ಲ."

ನನ್ನ ನಾಲ್ಕು ಪುಟದ ಲೇಖನ ಜಗತ್ತಿನಲ್ಲಿ ಒಬ್ಬರಿಗಾದರೂ ಉಪಯೋಗವಾಗಿತ್ತು ಎಂದು ಅಂದೇ ತಿಳಿದದ್ದು.

ನಾನು ನ್ಯಾಯ ಹೇಳಲು ಹೊರಟೆ. ದೊಡ್ಡವ್ವನ ಹತ್ತಿರ ಹೆತ್ತವಳದ್ದು ಅಂತ ಒಂದು ಚೂರು ಬಟ್ಟೆಯೂ ಇಲ್ಲ, ಫೋಟೋ ಇಲ್ಲ, ಮುಖದ ನೆನಪೂ ಇಲ್ಲ ಎಂದೆ. "ನಿನಗೆ ಅಜ್ಜಿ ಇದ್ದಳು, ನೋಡಿದ್ದೀಯ, ನೆನಪಿದೆ" ಎಂದೆ. ಅವ್ವ ಮೊರ ಎತ್ತಿಕೊಂಡು, "ನಿನ್ನ ಕಾಲೇಜಿನಾಗೆ ಹೇಳ್ಕ ಹೋಗು" ಎಂದಳು. ಅಲ್ಲಿಂದ ಮುಂದೆ ಎರಡು ತಿಂಗಳು ನಾನು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದೆ, ಅವ್ವ ರೊಟ್ಟಿ ಬಡಿದು ಹಾಕುತ್ತಿದ್ದಳು, ನಾವು ಬಿಲ್ಲೆಯ ಮಾತು ಎತ್ತುತ್ತಿರಲಿಲ್ಲ. ಆದರೆ ಪೆಟ್ಟಿಗೆಯ ಕೀಲಿ ಅವಳ ಸೊಂಟದಿಂದ ಇಳಿಯುತ್ತಿರಲಿಲ್ಲ ಎಂಬುದನ್ನು ಗಮನಿಸಿದ್ದೆ. ಒಂದು ಸೋಮವಾರ ಬೆಳಗ್ಗೆ ನಾನು ಹೊನ್ನಾಳಿಗೆ ಹೊರಟು ನಿಂತಾಗ ಅವಳು ಒಳ್ಳೆಯ ಸೀರೆಯುಟ್ಟು ಬಾಗಿಲಲ್ಲಿ ಕುಳಿತಿದ್ದಳು.

"ಜಗಳೂರಿಗೆ ಎಷ್ಟೊತ್ತಿಗೈತೆ ಬಸ್ಸು?"

ಎಂಥ ತರ್ಕ ಅವಳನ್ನು ಅಲ್ಲಿಗೆ ತಂದಿತು ಎಂದು ನಾನು ಕೇಳಲಿಲ್ಲ. ನನ್ನ ತರ್ಕವಂತೂ ಆಗಿರಲಾರದು. ಕಾಲೇಜಿಗೆ ರಜೆಯ ಚೀಟಿ ಕಳಿಸಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಜಗಳೂರು ತಲುಪಿದೆವು. ದಾರಿಯುದ್ದಕ್ಕೂ ಅವ್ವ ಎದೆಯ ಹತ್ತಿರ ಕೈಯಿಟ್ಟುಕೊಂಡೇ ಇದ್ದಳು. ಬಿಲ್ಲೆಯನ್ನು ರವಿಕೆಯೊಳಗೆ ಇಟ್ಟುಕೊಂಡಿದ್ದಳು.

ದೊಡ್ಡವ್ವ ಜಗುಲಿಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಐವತ್ತು ದಾಟಿದ ದಪ್ಪ ಹೆಂಗಸು, ದೊಡ್ಡ ದನಿ. "ಏನೇ ಪಾರಿ, ಹೇಳದೆ ಕೇಳದೆ! ಪ್ರೊಫೆಸರನ್ನೂ ಕಟ್ಕಂಡು ಬಂದೀಯ, ಯಾರಾದ್ರೂ ಸತ್ತರೇನೇ?" ಎಂದು ಕೂಗಿದಳು. ಅವ್ವ ಅವಳ ಪಕ್ಕಕ್ಕೆ ಕುಳಿತು, ಬಿಲ್ಲೆ ತೆಗೆದು ಶೇಂಗಾ ಸಿಪ್ಪೆಯ ಧೂಳು ಮೆತ್ತಿದ್ದ ಆ ಅಂಗೈಯಲ್ಲಿ ಇಟ್ಟಳು.

"ಇದು ಅವ್ವನ ಕೊರಳಾಗಿನ ದೇವರಲ್ಲೇನೇ?"

"ದೇವರಲ್ಲಕ್ಕ. ಅದು ನಿನ್ನ ಹೆತ್ತಾಕೆ." ಅಷ್ಟು ಹೇಳಿ ಅವ್ವ ಅಳಲು ಶುರು ಮಾಡಿದಳು. ಉಳಿದದ್ದನ್ನು ನಾನು ಹೇಳಬೇಕಾಯಿತು.

ದೊಡ್ಡವ್ವ ಕೇಳುತ್ತಾ ಬಿಲ್ಲೆಯನ್ನು ಸೆರಗಿನಿಂದ ಒರೆಸಿದಳು. ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು. "ನಾಕು ವರ್ಷ ಬಚ್ಚಿಟ್ಟುಕೊಂಡಿದ್ಯೇನೇ ಕಳ್ಳಿ?" ಎಂದು ತಂಗಿಯ ಬೆನ್ನಿಗೆ ಒಂದು ಹೊಡೆದಳು. ಹೊಡೆದ ಕೈಯನ್ನು ಅಲ್ಲೇ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಗಲ್ಲ ನೋಡೋ, ನನ್ನಂಗೇ ಇಲ್ವಾ? ನೀನು ಓದಿದೋನು, ನಿಜ ಹೇಳು. ಇದು ಅವಳದೇ ಮುಖಾನಾ?"

ಅವ್ವ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಹೌದು ಅನ್ನು ಎಂದು ಆ ನೋಟ ಹೇಳುತ್ತಿತ್ತು. ಕಂಡವರಿಗೆಲ್ಲ ಟಿಪ್ಪು, ವಿಜಯನಗರ ಎಂದು ಹಂಚಿದವನಿಗೆ ಒಂದು "ಹೌದು" ಎಷ್ಟರ ಮಾತು? ಆದರೆ ಮೊಟ್ಟಮೊದಲ ಬಾರಿಗೆ ಒಬ್ಬರು ನನ್ನನ್ನು ನಿಜ ಹೇಳು ಎಂದು ಕೇಳಿದ್ದರು. ಉಳಿದವರಿಗೆ ಬೇಕಿದ್ದದ್ದು ವಯಸ್ಸು. ಇವಳಿಗೆ ಬೇಕಿದ್ದದ್ದು ತಾಯಿ. ಸುಳ್ಳು ಹೇಳಿ ಕೊಟ್ಟರೆ ನಾನು ಯಾರದೋ ತಾಯಿಯನ್ನು ಕೊಟ್ಟ ಹಾಗಾಗುತ್ತಿತ್ತು.

"ಅಲ್ಲ ದೊಡ್ಡವ್ವ" ಎಂದೆ. ಕಂಚಿನ ಅಚ್ಚಿನ ಕಥೆ ಹೇಳಿದೆ. ಎಲ್ಲರಿಗೂ ಒಂದೇ ಮುಖ ಎಂದೆ. ಮೂಗು ಸವೆದದ್ದು ಅಜ್ಜಿಯ ಬೆರಳಿಗೆ ಎಂಬುದನ್ನೂ ಹೇಳಿದೆ. ಅವ್ವ, "ನಿನ್ ಬಾಯಿಗೆ ಮಣ್ಣಾಕ" ಎಂದಳು.

ದೊಡ್ಡವ್ವ ಹೆಬ್ಬೆರಳಿನಿಂದ ಆ ಸವೆದ ಮೂಗನ್ನು ಮುಟ್ಟುತ್ತಿದ್ದಳು. ನಾನು ಮಾಡಿದ ಅನಾಹುತ ಎಷ್ಟು ದೊಡ್ಡದೆಂದು ಲೆಕ್ಕ ಹಾಕುತ್ತಾ ಕುಳಿತೆ. ಕೊನೆಗೆ ಅವಳು ಕೇಳಿದ್ದು ನಾನು ಎಣಿಸದ ಪ್ರಶ್ನೆ.

"ಆ ಅಚ್ಚು ಇನ್ನೂ ಐತೇನೋ?"

"ಐತೆ."

"ಹಂಗಾದ್ರೆ ನನಗೊಂದು ಹೊಡೆಸ್ಕೊಡು." ಬಿಲ್ಲೆಯನ್ನು ತಂಗಿಯ ಕೈಗೆ ತುರುಕಿದಳು. "ಇದು ನೀನೇ ಇಟ್ಕಳೇ ಪಾರಿ. ಇದರ ಮೈಯೆಲ್ಲ ಅವ್ವನೇ ಅವಳೆ. ಅವಳ ಬೆರಳೇ ಐತೆ. ನನ್ನ ಹೆತ್ತಾಕೆ ಹದಿನೆಂಟಕ್ಕೆ ಹೋದಾಕಿ. ಇದರಾಗೆ ಮೂಗು ಸವೆದು, ಕಣ್ಣು ಇಂಗಿ ಮುದುಕಿ ಆಗ್ಯಾಳೆ. ನನಗೆ ಹೊಸದು ಬೇಕು."

"ಅದು ಯಾರ ಮುಖವೂ ಅಲ್ಲ ಅಂದೆನಲ್ಲ ದೊಡ್ಡವ್ವ."

"ಯಾರದೂ ಅಲ್ಲ ಅಂದ್ರೆ ಅವಳದಾಗಾಕೆ ಏನು ಅಡ್ಡಿ? ಐವತ್ತು ವರ್ಷ ನಿಮ್ಮಜ್ಜಿ ಈ ಮುಖ ನೋಡ್ಕೊಂಡೇ ಅವಳನ್ನ ಅಕ್ಕ ಅಂದಿದ್ಲಲ್ಲ. ನಾನು ಅವಳನ್ನ ಒಂದು ದಿನಾನೂ ಅವ್ವ ಅಂದಿಲ್ಲ."



ಎಂಟು ದಿನಕ್ಕೆ ಮೂವರೂ ನ್ಯಾಮತಿಯ ಆ ಪಡಸಾಲೆಯಲ್ಲಿ ಕುಳಿತಿದ್ದೆವು. ದೊಡ್ಡವ್ವ ತನ್ನ ಗುಂಡಿನ ಸರದಿಂದ ಒಂದು ಗುಂಡನ್ನು ಬಿಡಿಸಿ ತಂದಿದ್ದಳು. ಮೌನೇಶಾಚಾರ್ರು ತಲೆ ಕೆರೆದುಕೊಂಡರು. "ಮಗಳಿಗೆ ಹೊಡೆಯೋ ಪದ್ಧತಿ ಇಲ್ಲ ತಾಯಿ. ಇದು ಎರಡನೇ ಹೆಂಡ್ತಿ ಕಟ್ಟಿಕೊಳ್ಳೋದು. ನಮ್ಮಪ್ಪನ ಕಾಲದಿಂದ ಹಂಗೇ."

"ಅವರು ಹೆದರಿ ಕಟ್ಟಿಕೊಳ್ತಿದ್ರು ಆಚಾರ್ರೇ. ನಾನು ಹೆತ್ತಾಕೆಗೆ ಹೆದರ್ತೀನಾ? ಹೊಡೀರಿ ನೀವು."

ಆಚಾರ್ರು ಗುಂಡನ್ನು ಕಾಸಿ ಬಡಿದು ತಗಡು ಮಾಡಿದರು. ತಗಡನ್ನು ಅಚ್ಚಿನ ಮೇಲಿಟ್ಟು, ಅದರ ಮೇಲೆ ಸೀಸದ ತುಂಡನ್ನಿಟ್ಟು ಹೊಡೆಯತೊಡಗಿದರು. ಸೀಸ ಮೆತ್ತಗೆ ಇಳಿದು ತಗಡನ್ನು ತಗ್ಗಿನೊಳಕ್ಕೆ ಒತ್ತುತ್ತದೆ ಎಂದು ನನಗೆ ವಿವರಿಸಿದರು. ನನಗೆ ಆ ಕಂಚು ಇಷ್ಟು ವರ್ಷ ಏನು ಬಚ್ಚಿಟ್ಟುಕೊಂಡಿದೆ ಎಂಬುದರ ಮೇಲೆ ಕಣ್ಣು.

ಈ ಕೊನೆಯ ಗಳಿಗೆಯಲ್ಲಿ ನಾನು ಅಲ್ಲಿ ಇರಲೇ ಇಲ್ಲ ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ನಾನು ಬಸ್ಸಿನ ಹೊತ್ತು ವಿಚಾರಿಸಲು ಹೋಗಿದ್ದೆನಂತೆ, ತಾನೇ ಆಮೇಲೆ ನನಗೆ ಹೇಳಿದ್ದಂತೆ. ಇರಬಹುದು. ನನ್ನ ನೆನಪಿನ ಮೇಲೆ ನಾನೇ ಪಣ ಕಟ್ಟಲಾರೆ. ಆದರೆ ಆಚಾರ್ರು ಚಿಮಟದಲ್ಲಿ ಅದನ್ನು ಎತ್ತಿ, ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ ದೊಡ್ಡವ್ವನ ಅಂಗೈಗೆ ಹಾಕಿದ್ದು ನನಗೆ ಕಾಣುತ್ತದೆ. ಮೂಗು ನೆಟ್ಟಗೆ ಎದ್ದಿತ್ತು. ಅದಕ್ಕೊಂದು ಸಾಸಿವೆಯಷ್ಟು ನತ್ತೂ ಇತ್ತು, ಹಳೆಯದರಲ್ಲಿ ನಮಗೆ ಅದು ಕಂಡೇ ಇರಲಿಲ್ಲ. ಕಣ್ಣು ಅರಳಿದ್ದವು. ತುಟಿ ಏನೋ ಕೇಳಲು ಹೊರಟು ನಾಚಿಕೊಂಡ ಹಾಗೆ ಸ್ವಲ್ಪ ಮುಂದೆ ಬಂದಿತ್ತು. ನರೆತ ತಲೆಯ ದೊಡ್ಡವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ದೊಡ್ಡ ದನಿ ಎಲ್ಲಿ ಹೋಯಿತೋ.

"ಅಯ್ಯೋ, ಪಾರಿ," ಎಂದಳು, "ಇದು ಇನ್ನೂ ಕೂಸು ಕಣೇ."